ಕಲೆ ತೆಗೆಯುವ ಕಲೆ

ಕನ್ನಡದಲ್ಲಿ ಚಿತ್ರಕ್ಕೂ ಕಲೆ ಅಂತೀವಿ, ಅಂಗಿಗೆ ಅಂಟಿದ ಕೊಳೆಗೂ ಕಲೆ ಅಂತೀವಿ. ಎರಡೂ ಬೇರೆ ಬೇರೆ ಅಂತ ಮೊನ್ನೆ ಮೊನ್ನೆವರೆಗೂ ನಂಬಿದ್ದೆ. ಹಳೇ ಲೆದರ್ ಜಾಕೆಟ್ ಪ್ರಿಯರೊಬ್ಬರ ಸಹವಾಸ ಆದಮೇಲೆ ಆ ನಂಬಿಕೆ ಹೋಯಿತು.

ಅವರ ಹೆಸರು ಬೇಡ. ಜಾಕೆಟ್ ಮೈಮೇಲಿದ್ದಾಗ ಅವರಿಗೆ ಸಿಟ್ಟು ಜಾಸ್ತಿ. ಬಹಳ ವರ್ಷದಿಂದ ಒಂದು ಎ-2 ಬೇಕು ಅಂತ ಕನವರಿಸುತ್ತಿದ್ದರು. ಅಮೆರಿಕದ ಸೇನೆ 1931ರಲ್ಲಿ ತನ್ನ ವಿಮಾನ ಸಿಬ್ಬಂದಿಗಾಗಿ ಒಪ್ಪಿಕೊಂಡ ಜಾಕೆಟ್ ಅದು. ಹೆಚ್ಚಿನವು ಕುದುರೆ ಚರ್ಮದವು. 1943ರಲ್ಲಿ ಹೊಸ ಆರ್ಡರ್ ನಿಂತಿತು. "ನಕಲು ಬೇಡ, ಎರಡನೇ ಮಹಾಯುದ್ಧ ನೋಡಿದ್ದೇ ಬೇಕು" ಅಂತ ಹಟ ಹಿಡಿದರು. ಕೊನೆಗೂ ಸಿಕ್ಕಿತು. ಬೆನ್ನ ಮೇಲೆ ನಗುವ ಹುಡುಗಿ. ಅವಳ ಕೆಳಗೆ ಸಾಲಾಗಿ ಪುಟಾಣಿ ಬಾಂಬುಗಳು. ಎಣಿಸಿದರೆ ಸರಿಯಾಗಿ 25.

ಒಂದು ಬಾಂಬಿಗೆ ಒಂದು ದಾಳಿ, ಅದು ಲೆಕ್ಕ. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಪಡೆಯ ಬಾಂಬರ್ ಹುಡುಗರು 1943ರಲ್ಲಿ 25 ದಾಳಿ ಮುಗಿಸಿದರೆ ಮನೆಗೆ ಹೋಗಬಹುದಿತ್ತು. ಮುಗಿಸಿದವರಿಗಿಂತ ಮುಗಿಸದವರೇ ಜಾಸ್ತಿ. ಆಮೇಲೆ ಆ ಲೆಕ್ಕ 30ಕ್ಕೆ ಏರಿತು, 35 ಆಯಿತು. ಕ್ಯಾಂಪಿನಲ್ಲಿ ಚಿತ್ರ ಬರೆಯಲು ಬರುವ ಯಾರೋ ಒಬ್ಬ, ಕೈಗೆ ಸಿಕ್ಕ ಬಣ್ಣದಲ್ಲಿ, ಗೆಳೆಯರ ಬೆನ್ನಿಗೆ ಬರೆದುಕೊಡುತ್ತಿದ್ದ. ಒಂದೊಂದು ಬಾಂಬೂ ಜೀವಸಹಿತ ವಾಪಸ್ ಬಂದಿದ್ದಕ್ಕೆ ರಸೀದಿ.

ನಮ್ಮವರು ಇದನ್ನೆಲ್ಲ ಕೇಳಿ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಲ್ಲೇ ಬಣ್ಣ ಕರಗಿಸುವ ಅಸಿಟೋನ್ ಬಾಟಲಿ ಎತ್ತಿಕೊಂಡರು.

"ಎಲ್ಲಾ ಸರಿ. ಆದರೆ ನನಗೆ ಪ್ಲೇನ್ ಜಾಕೆಟ್ ಬೇಕು."

"ಇದು ಪ್ಲೇನ್ ಜಾಕೆಟ್ಟೇ ಸ್ವಾಮಿ. ಬಿ-17 ಬಾಂಬರ್ ವಿಮಾನದಲ್ಲಿ 25 ಸಲ ಹೋಗಿಬಂದಿದೆ" ಅಂದೆ. ಅವರಿಗೆ ನಗು ಬರಲಿಲ್ಲ.

ನ್ಯಾಯವಾಗಿ ಹೇಳಬೇಕಲ್ವಾ, ಬಣ್ಣ ಅಳಿಸುವ ಅಗತ್ಯ ನಿಜವಾಗಿ ಬಿದ್ದವನೂ ಒಬ್ಬ ಇದ್ದ. 1943ರ ಕೊನೆಗೆ ಜರ್ಮನಿಯಲ್ಲಿ ಸೆರೆಸಿಕ್ಕ ಅಮೆರಿಕದ ವಿಮಾನ ಸೈನಿಕ. ಅವನ ಬೆನ್ನ ಮೇಲೆ ದೊಡ್ಡದಾಗಿ 'ಮರ್ಡರ್ ಇಂಕ್' ಅಂತ ಬರೆದಿತ್ತು. ಕೊಲೆಗಡುಕರ ಕಂಪನಿ ಅಂತ! ಜರ್ಮನ್ ಪತ್ರಿಕೆಗಳು ಫೋಟೋ ಹಾಕಿ, "ನೋಡಿ, ಇವರೇ ಒಪ್ಪಿಕೊಂಡಿದ್ದಾರೆ" ಅಂತ ಹಬ್ಬ ಮಾಡಿದವು. ಆ ಹೊತ್ತಿಗೆ ಆ ಪಾಪದವನ ಹತ್ತಿರ ಅಸಿಟೋನ್ ಇರಲಿಲ್ಲ. ಈಗ ಬಾಟಲಿ ಹಿಡಿದು ಕೂತವರನ್ನು ಸೆರೆ ಹಿಡಿಯಲು ಯಾರೂ ಬರುತ್ತಿಲ್ಲ.

ಇನ್ನು ಆ ಬಾಟಲಿಯ ವಿಷಯ. ಚರ್ಮದ ಮೇಲೆ ಚಿತ್ರ ಬರೆಯುವವರು ಶುರುವಿನಲ್ಲಿ ಅಸಿಟೋನಿನಿಂದಲೇ ಒರೆಸುತ್ತಾರೆ, ಚರ್ಮದ ಮೇಲಿನ ಫಿನಿಶ್ ಕಿತ್ತುಬರಲಿ ಅಂತ. ಅಂದರೆ ಈ ದ್ರವಕ್ಕೆ ಹುಡುಗಿ ಯಾರು, ಜಾಕೆಟ್ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ಸಮಾನವಾಗಿ ಪ್ರೀತಿಸುತ್ತದೆ. ಮೊದಲ ದಿನ ಹುಡುಗಿಯ ತುಟಿ ಹೋಯಿತು, ಜೊತೆಗೆ ಕಂದು ಬಣ್ಣವೂ ಹೋಯಿತು. ಎರಡನೇ ದಿನ ಕಾಲು. ಮೂರನೇ ದಿನ ಬೆನ್ನಿನ ನಡುವೆ ಬಿಳಿಚಿದ ಒಂದು ದ್ವೀಪ ಎದ್ದಿತು. ಅದನ್ನು ಮುಚ್ಚಲು ಡೈ ಹಚ್ಚಿದರು. ದ್ವೀಪ ಈಗ ಕಪ್ಪಗಾಯಿತು. ಡೈ ಒಣಗಿ ಚರ್ಮ ಬಿರುಸಾಯಿತು ಅಂತ ಎಣ್ಣೆ ಹಚ್ಚಿದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಇರುವೆ ಮಾತ್ರ ಅಸಲಿ 1943ರದ್ದು.

ಇಷ್ಟಾದರೂ ಹುಡುಗಿ ಪೂರ್ತಿ ಹೋಗಲಿಲ್ಲ. ಬಣ್ಣ ಚರ್ಮದ ರಂಧ್ರಕ್ಕೆ ಇಳಿದುಬಿಟ್ಟಿರುತ್ತದೆ. ಚಿತ್ರದ ಅಡಿಯಲ್ಲಿದ್ದ ಚರ್ಮ ಇಷ್ಟು ವರ್ಷ ಬಿಸಿಲು ಕಂಡಿಲ್ಲ, ಸುತ್ತಲಿನದು ಕಂಡಿದೆ. ಹಾಗಾಗಿ ಅಂಚು ಉಳಿಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅವಳು ಈಗಲೂ ನಗುತ್ತಾಳೆ.

ತಮಾಷೆ ಏನು ಗೊತ್ತಾ? ಇವರು ಇಲ್ಲಿ ಅಳಿಸುತ್ತಿರುವಾಗಲೇ ಬೇರೆಯವರು ಹೊಸ ಜಾಕೆಟ್ ಹೊಲಿದು, ಅದಕ್ಕೆ ಹುಡುಗಿ ಬರೆದು, ಬಾಂಬು ಬರೆದು, ಆಮೇಲೆ ಉಜ್ಜಿ ಉಜ್ಜಿ ಹಳೇದು ಮಾಡಿ ಮಾರುತ್ತಾರೆ. ಕೊಂಡವನು ಹಾರಿದ್ದೆಲ್ಲ ಕಿಟಕಿ ಪಕ್ಕದ ಸೀಟಿನಲ್ಲಿ. ಬೆನ್ನ ಮೇಲೆ ಮಾತ್ರ ದಾಳಿಗಳ ಸಾಲು. ಇನ್ನು ಕೆಲವರು ಇನ್ನೂ ಚುರುಕು. ಏನೂ ಬರೆಯದ ಅಸಲಿ ಜಾಕೆಟ್ಟಿಗೆ ಈಗ ಚಿತ್ರ ಬರೆದು, ಆಗಲೇ ಬರೆದದ್ದು ಅಂತ ಬೆಲೆ ಏರಿಸುತ್ತಾರೆ. ಅಂದರೆ ಅಸಲಿ ಚಿತ್ರ ಇದ್ದರೆ ಅಳಿಸಬೇಕು, ಇಲ್ಲದಿದ್ದರೆ ನಕಲಿ ಬರೆಯಬೇಕು. ಸುಮ್ನೆ ಬಿಡುವುದೊಂದು ಯಾರಿಗೂ ಆಗಲ್ಲ.

ನಿನ್ನೆ ನಮ್ಮವರು ಫೋನ್ ಮಾಡಿದ್ದರು. ಧ್ವನಿ ಸಣ್ಣಗಿತ್ತು. ಒಳ್ಳೇ ಪೇಂಟರ್ ಯಾರಾದರೂ ಗೊತ್ತಾ ಅಂತ ಕೇಳಿದರು.

"ಯಾಕೆ?"

"ಬೆನ್ನ ಮೇಲೆ ದೊಡ್ಡ ಕಲೆ ಉಳಿದಿದೆ. ಅದು ಮುಚ್ಚುವ ಹಾಗೆ ಏನಾದರೂ ಚಿತ್ರ ಬರೆಸಬೇಕು. ಯಾವುದಾದರೂ ಹುಡುಗಿ ಆದರೆ ಚೆನ್ನಾಗಿರುತ್ತೆ, ಅಲ್ವಾ?"