ಮಂಚನಬೆಲೆ ರಸ್ತೆಯಲ್ಲಿ ಒಬ್ಬನೇ

'ಕಾರಲ್ಲಿ ಒಬ್ಬರೇ ಸುಮ್ನೆ ಸುತ್ತೋದು ಪೆಟ್ರೋಲ್ ದಂಡ' ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ತಿಂಗಳಿಗೊಂದು ಭಾನುವಾರ ಬೆಳಗ್ಗೆ 5ಕ್ಕೇ ಮಾಗಡಿ ರಸ್ತೆ ಹಿಡಿಯುತ್ತೇನೆ. ತಾವರೆಕೆರೆ ದಾಟಿ ಸಾವನದುರ್ಗ, ಮಂಚನಬೆಲೆ ಕಡೆ ತಿರುಗಿದರೆ ಸಾಕು, ವಾರವಿಡೀ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಸೋತ ಎಡಗಾಲಿಗೆ ಜೀವ ಬಂದ ಹಾಗಾಗುತ್ತದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗದ ಕಲ್ಲುಬೆಟ್ಟ ಒಂದು ತಿರುವಿನಲ್ಲಿ ಎಡಕ್ಕೆ ಕಾಣುತ್ತದೆ, ಮುಂದಿನದರಲ್ಲಿ ಬಲಕ್ಕೆ.

ತಿರುವಿಗೆ ಮೊದಲೇ ಬ್ರೇಕ್ ಹಾಕಿ, ಗೇರ್ ಇಳಿಸಿ, ರಸ್ತೆ ಮತ್ತೆ ನೇರವಾಗುವಾಗ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ ನೋಡಿ, ಆ ಖುಷಿಗೆ 100ರ ವೇಗ ಬೇಕಾಗಿಲ್ಲ, 50 ಸಾಕು. ತಿರುವಿನ ಮಧ್ಯೆ ಜೋರಾಗಿ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಪಕ್ಕದಲ್ಲಿ ಯಾರಾದರೂ ಕೂತು ಮಾತಾಡುತ್ತಿದ್ದರೆ ಇದೆಲ್ಲ ಗಮನಕ್ಕೇ ಬರುವುದಿಲ್ಲ, ಅಲ್ವಾ?

ಸುಗ್ಗಿ ಸಮಯದಲ್ಲಿ ಮಾತ್ರ ಜಾಸ್ತಿ ಹುಷಾರಾಗಿರಬೇಕು. ರಾಗಿ, ಹುರುಳಿಯನ್ನು ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಟೈರ್ ಜಾರುತ್ತದೆ, ಹುಲ್ಲು, ಬಳ್ಳಿ ಗಾಡಿ ಅಡಿ ಸುತ್ತಿಕೊಂಡರೆ ಬಿಸಿಗೆ ಬೆಂಕಿಯೂ ಹತ್ತಬಹುದು. ಹೋದ ಜನವರಿಯಲ್ಲಿ ನನಗೆ ಹಾಗೇ ಹುರುಳಿ ಬಳ್ಳಿ ಸುತ್ತಿಕೊಂಡಿತ್ತು, ರಸ್ತೆ ಬದಿಯಲ್ಲಿದ್ದ ಅಜ್ಜಿಯೊಬ್ಬರು "ನಿಲ್ಸಪ್ಪಾ, ಹೊಗೆ ಬತ್ತೈತೆ" ಅಂತ ಕೂಗಿದ್ದಕ್ಕೆ ಬಚಾವಾದೆ. ಅವರೇ ಕೋಲು ತಂದುಕೊಟ್ಟರು, ಇಬ್ಬರೂ ಸೇರಿ ಎಳೆದು ತೆಗೆದೆವು.