ಆಂದ್ರೊಪೋವ್‌ಗೆ ಸಮಯ ಸಿಗಲಿಲ್ಲವೇ?

1982ರ ನವೆಂಬರ್‌ನಿಂದ ಸೋವಿಯತ್ ದೇಶವನ್ನು ಆಳಿ, 1984ರಲ್ಲಿ ತೀರಿಕೊಂಡ ಯೂರಿ ಆಂದ್ರೊಪೋವ್ ಇನ್ನೈದು ವರ್ಷ ಬದುಕಿದ್ದರೆ ಸೋವಿಯತ್ ಒಕ್ಕೂಟ ಒಡೆಯುತ್ತಲೇ ಇರಲಿಲ್ಲವಂತೆ. ನಿನ್ನೆ ಗೆಳೆಯರೊಬ್ಬರು ಕಳಿಸಿದ ವಿಡಿಯೋದಲ್ಲಿ ಹೀಗೊಂದು ವಾದ. ಪಾಪ, ಅಧಿಕಾರ ಸಿಕ್ಕಿದ್ದೇ 15 ತಿಂಗಳು, ಕೊನೆಯ ತಿಂಗಳುಗಳೆಲ್ಲ ಆಸ್ಪತ್ರೆಯಲ್ಲೇ ಹೋದವು ಅಂತ ಮರುಕ ಬೇರೆ. ನೋಡಿ ಮೈ ಉರಿಯಿತು. ನಾನು ಎಡಪಂಥದ ಮನೆಯಲ್ಲಿ ಬೆಳೆದವಳು, ನವಕರ್ನಾಟಕದ ಮಳಿಗೆಯಿಂದ ತಂದ ರಷ್ಯನ್ ಪುಸ್ತಕಗಳನ್ನು ಓದಿಕೊಂಡೇ ದೊಡ್ಡವಳಾದವಳು ಅಂತ ನಿಮಗೆ ಗೊತ್ತು. ಆ ದೇಶವನ್ನು ಬೈಯುವ ಆಸೆ ನನಗಿಲ್ಲ. ಆದರೆ ಇದನ್ನು ಕೇಳಿಕೊಂಡು ಸುಮ್ನೆ ಇರಲು ಆಗುತ್ತಿಲ್ಲ.

15 ತಿಂಗಳ ಲೆಕ್ಕ ಹೇಳುವವರು ಅದಕ್ಕೂ ಹಿಂದಿನ 15 ವರ್ಷಗಳನ್ನು ಯಾಕೆ ಬಿಡುತ್ತಾರೆ? 1967ರ ಮೇ ತಿಂಗಳಿಂದ 1982ರ ಮೇವರೆಗೆ ಈತ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ. ಜನ ಅಡುಗೆಮನೆಯಲ್ಲಿ ಕೂತು ಏನು ಗೊಣಗುತ್ತಾರೆ ಎಂಬುದರವರೆಗೆ ವರದಿ ಬರುತ್ತಿದ್ದ ಜಾಗ ಅದು. ದೇಶಕ್ಕೆ ಎಲ್ಲಿ ಹುಳ ಹಿಡಿದಿದೆ ಅಂತ ಬೇರೆ ಯಾರಿಗಿಂತ ಜಾಸ್ತಿ ಗೊತ್ತಿದ್ದವನು ಮಾಡಿದ್ದೇನು? ಕುರ್ಚಿ ಹಿಡಿದ ಕೆಲವೇ ವಾರಗಳಲ್ಲಿ, 1967ರ ಜುಲೈನಲ್ಲಿ, ಭಿನ್ನಮತದವರ ಬೆನ್ನು ಹತ್ತುವುದಕ್ಕೆಂದೇ ಐದನೇ ವಿಭಾಗ ಅಂತ ಹೊಸದೊಂದು ವಿಭಾಗ ಕಟ್ಟಿದ.

ನತಾಲ್ಯಾ ಗೋರ್ಬನೆವ್‌ಸ್ಕಯಾ ಹೆಸರು ಆ ವಿಡಿಯೋದಲ್ಲಿ ಬರುವುದೇ ಇಲ್ಲ. ಕವಿ. ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ ಮೇಲೆ, 1968ರ ಆಗಸ್ಟ್ 25ರಂದು ಎಂಟು ಜನ ಮಾಸ್ಕೋದ ಕೆಂಪು ಚೌಕದಲ್ಲಿ ಕೂತು ಪ್ರತಿಭಟಿಸಿದರು. ಅವರಲ್ಲಿ ಈಕೆಯೂ ಒಬ್ಬರು. ಜೊತೆಗೆ ತಳ್ಳುಗಾಡಿಯಲ್ಲಿ ಮೂರು ತಿಂಗಳ ಕೂಸು. ಎಲ್ಲೆಲ್ಲಿ ಯಾರನ್ನು ಹಿಡಿದರು ಅಂತ ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸುವ ಒಂದು ಪತ್ರಿಕೆಯನ್ನೂ ಅದೇ ವರ್ಷ ಶುರುಮಾಡಿದ್ದರು. 1969ರ ಡಿಸೆಂಬರ್‌ನಲ್ಲಿ ಅವರನ್ನು ಬಂಧಿಸಿ, ಮಾನಸಿಕ ರೋಗಿ ಅಂತ ಹಣೆಪಟ್ಟಿ ಹಚ್ಚಿ, ಕಜಾನ್‌ನ ಆಸ್ಪತ್ರೆಗೆ ತಳ್ಳಿದರು. ಬಿಟ್ಟಿದ್ದು 1972ರಲ್ಲಿ. ಸರ್ಕಾರವನ್ನು ಟೀಕಿಸಿದ ಸೇನಾಧಿಕಾರಿ ಜನರಲ್ ಗ್ರಿಗೊರೆಂಕೊಗೂ ಇದೇ ಗತಿ. ವ್ಯವಸ್ಥೆ ಬದಲಾಗಬೇಕು ಅನ್ನುವುದನ್ನೇ ಅಲ್ಲಿನ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಲಕ್ಷಣ ಅಂತ ಬರೆಯುತ್ತಿದ್ದರು.

ಇಲ್ಲಿ ನನಗೆ ತಡೆಯಲಾಗುವುದಿಲ್ಲ. ನಮ್ಮ ಮನೆಯಲ್ಲೇ ಆ ಕಾಯಿಲೆ ಅನುಭವಿಸಿದವರಿದ್ದಾರೆ. ಮಾತ್ರೆ ನುಂಗಿದ ದಿನ ನಾಲಿಗೆ ತೊದಲುವುದು, ಕೈ ನಡುಗುವುದು ಎಲ್ಲ ಕಂಡಿದ್ದೇನೆ. ನಿಜವಾದ ರೋಗಿಗೇ ಅಷ್ಟು ಕಷ್ಟ. ಆರೋಗ್ಯವಾಗಿದ್ದ ತಾಯಿಯೊಬ್ಬಳಿಗೆ ಅಂಥ ಔಷಧಿಯನ್ನು ಶಿಕ್ಷೆಯಾಗಿ ಕೊಡಿಸಿದ ವ್ಯವಸ್ಥೆಯ ಯಜಮಾನನಿಗೆ ಸಮಯ ಸಿಗಲಿಲ್ಲ ಅಂತ ನಾನು ಅಳಬೇಕಾ?

ಅವನು ಸರಳವಾಗಿ ಬದುಕಿದ, ಭ್ರಷ್ಟರನ್ನು ಹಿಡಿದ ಅನ್ನುತ್ತೀರಿ. ಒಳಾಡಳಿತ ಮಂತ್ರಿ ಶ್ಚೋಲೊಕೊವ್‌ನನ್ನು ತೆಗೆದುಹಾಕಿದ್ದು, ಮುಂದೆ 1985ರಲ್ಲಿ ದೇಶದ ನಾಯಕರಾದ ಗೋರ್ಬಚೋವ್‌ರನ್ನು ಮೇಲೆ ತಂದದ್ದು, ಎರಡೂ ನಿಜ. ಒಪ್ಪುತ್ತೇನೆ. ಆದರೆ ದೇಶ ರಿಪೇರಿಗೆ ಹಾಕಿದ ಕೈ ನೋಡಿ. 1983ರ ಶುರುವಿನಲ್ಲಿ ಪೊಲೀಸರು ಸಿನಿಮಾ ಮಂದಿರ, ಸ್ನಾನಗೃಹ, ಅಂಗಡಿಗಳಿಗೆ ನುಗ್ಗಿ, ಕೆಲಸದ ಹೊತ್ತಲ್ಲಿ ಇಲ್ಲೇನು ಮಾಡುತ್ತಿದ್ದೀರಿ ಅಂತ ಜನರನ್ನು ಹಿಡಿದರು. ಅಂಗಡಿಯಲ್ಲಿ ಸಾಮಾನಿಲ್ಲ, ಬಂದಾಗ ಸಾಲು ನಿಲ್ಲದಿದ್ದರೆ ಸಿಗುವುದಿಲ್ಲ, ಅದಕ್ಕೇ ಜನ ಕೆಲಸ ಬಿಟ್ಟು ಬರುತ್ತಿದ್ದರು. ಇವನಿಗೆ ಕಂಡಿದ್ದು ಸಾಲಲ್ಲಿ ನಿಂತವರ ತಪ್ಪು. ಗುಪ್ತಚರದವನ ಕಣ್ಣೇ ಅಂಥದ್ದು ಅಂತ ನನ್ನ ಅಭಿಪ್ರಾಯ. ಜನ ಅಂದರೆ ಅವನಿಗೆ ಮೊದಲು ಶಂಕಿತರು.

ಅದೇ ವರ್ಷ ಜೂನ್‌ನಲ್ಲಿ ಪಕ್ಷದ ಸಭೆಯಲ್ಲಿ ಈತ ಹೇಳಿದ್ದು, ನಾವು ಬದುಕುತ್ತಿರುವ ಸಮಾಜವನ್ನೇ ನಾವಿನ್ನೂ ಸರಿಯಾಗಿ ಅರಿತಿಲ್ಲ ಅಂತ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಅರಿತವರು ಇದ್ದರಲ್ಲ! ಭೌತವಿಜ್ಞಾನಿ ಆಂದ್ರೇ ಸಖರೋವ್ ದೇಶ ಬದಲಾಗಬೇಕು ಅಂತ 1968ರಲ್ಲೇ ಬರೆದಿದ್ದರು. ಅವರನ್ನು 1980ರ ಜನವರಿಯಲ್ಲಿ ಗೋರ್ಕಿ ನಗರಕ್ಕೆ ಗಡೀಪಾರು ಮಾಡಿ ಕಾವಲಿಟ್ಟಿದ್ದು ಇದೇ ಕೆಜಿಬಿ. ಆ ಮಾತು ಹೇಳುವಾಗಲೂ ಸಖರೋವ್ ಅಲ್ಲೇ ಇದ್ದರು. ಅವರನ್ನು ಬಿಡಲು 15 ತಿಂಗಳು ಬೇಕಿರಲಿಲ್ಲ, ಒಂದು ಫೋನ್ ಸಾಕಿತ್ತು. 1986ರ ಡಿಸೆಂಬರ್‌ನಲ್ಲಿ ಗೋರ್ಬಚೋವ್ ಮಾಡಿದ್ದು ಅದನ್ನೇ: ಹಿಂದಿನ ದಿನ ಸಖರೋವ್ ಮನೆಗೆ ಫೋನ್ ಹಾಕಿಸಿ, ಮಾರನೇ ದಿನ ತಾವೇ ಕರೆ ಮಾಡಿ, ಮಾಸ್ಕೋಗೆ ವಾಪಸ್ ಬನ್ನಿ ಅಂದರು.