ಸತ್ಯಾಂಶ: ಕಾಯಿಲೆ ಬಿದ್ದರೆ ಕಾರಿನ ಕಂತು ಮಾಫಿ ಆಗುತ್ತಾ?

"ಆಸ್ಪತ್ರೆ ಚೀಟಿ ಕೊಟ್ಟರೆ ಆರು ತಿಂಗಳ ಕಾರ್ ಲೋನ್ ಕಂತು ಮಾಫಿ, ರಿಸರ್ವ್ ಬ್ಯಾಂಕ್ ನಿಯಮ." ಕಲಬುರಗಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿದಾಡುವ ಮೆಸೇಜ್ ಇದು. ಅಂಥ ನಿಯಮ ಇಲ್ಲ. ಕೋವಿಡ್ ಬಂದಾಗ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಇತ್ತು, ನಿಜ. ಆಗಲೂ ಮಾಫಿ ಆಗಿರಲಿಲ್ಲ, ಬಡ್ಡಿ ಬೆಳೆಯುತ್ತಲೇ ಇತ್ತು.

ಇದನ್ನು ನಂಬಿ ಸುಮ್ನೆ ಕೂತವರ ಬಗ್ಗೆಯೇ ನನಗೆ ಚಿಂತೆ. ಬೀದರ್ ರೂಟಿನಲ್ಲಿ ಬಾಡಿಗೆ ಕಾರು ಓಡಿಸುವವರು ಹಾಸಿಗೆ ಹಿಡಿದರೆ ಕಾರೂ ನಿಂತಂತೆ, ಅಲ್ವಾ? ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಸಾಲ ತೀರಿಸುವ ನಂಬಿಕೆಗೆ ಸಿಗುವ ಅಂಕ, ಅಂದರೆ ಸಿಬಿಲ್ ಸ್ಕೋರ್, ಅದಕ್ಕೂ ಮೊದಲೇ ಬೀಳುತ್ತದೆ.

ಕಂತು ತಪ್ಪುವ ಮೊದಲೇ ಮನೆಯವರನ್ನಾದರೂ ಬ್ಯಾಂಕಿಗೆ ಕಳಿಸಿ. ಡಿಸ್ಚಾರ್ಜ್ ಕಾಗದದ ಜೊತೆ ಅರ್ಜಿ ಕೊಟ್ಟು, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬಿಡಬೇಡಿ. ಒಪ್ಪುವುದು ಬ್ಯಾಂಕಿಗೆ ಬಿಟ್ಟದ್ದು, ಆದರೂ ಕೇಳಿ. ಲೋನ್ ಜೊತೆ ವಿಮೆ ಮಾಡಿಸಿದ್ದರೆ ಆ ಪಾಲಿಸಿಯನ್ನೂ ಓದಿಸಿ.

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತೆಯೂ ಇಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.